ಸಾಲವಿಲ್ಲದವಳ ಅರ್ಜಿ

ಸಾಲ ತೀರಿಸಬಲ್ಲವರಿಗೆ ಮಾತ್ರ ಸಾಲ ಕೊಡಬೇಕು ಎಂಬುದು ಕಡಲಸಿರಿ ಬ್ಯಾಂಕಿನ ಮೂಲ ನಿಯಮ. ೧೯೮೬ರಲ್ಲಿ ಬ್ಯಾಂಕು ಕ್ರೆಡಿಟ್ ಕಾರ್ಡು ಹೊರಡಿಸಿ, ಒಂದನ್ನು ಬೆಳಕೆ ಊರಿನ ಮೀನುಗಾರರಿಗೆಂದು ಮೀಸಲಿಟ್ಟಿತು. ಕಾರ್ಡು ತೋರಿಸಿದರೆ ಭಟ್ಕಳದ ಅಂಗಡಿಯಲ್ಲಿ ಬಲೆಯ ನೂಲು ಸಿಗುತ್ತದೆ. ದುಡ್ಡು ಆಮೇಲೆ ಕಟ್ಟಬಹುದು.

ಮಾಸ್ತಮ್ಮನಿಗೆ ಬೇಕಾದದ್ದು ಅದೇ, ಅರ್ಜಿ ಹಾಕಿದಳು. ಅವಳ ಗಂಡ ದಾಸನ ಬಲೆ ಹರಿದು ಹೋಗಿತ್ತು. ಮಳೆ ಕಡಿಮೆಯಾಗಿ ದೋಣಿ ಕಡಲಿಗಿಳಿಯುವುದರೊಳಗೆ ನೂಲು ಸಿಗದಿದ್ದರೆ ಮೀನು ಸಾವ್ಕಾರ ಲಿಂಗಪ್ಪನ ಬಳಿ ಹೋಗಬೇಕು. ಅವನ ನೂಲು ಸಾಲಕ್ಕೆ ತಂದವರು ಮೀನನ್ನು ಅವನಿಗೇ, ಅವನು ಹೇಳಿದ ದರಕ್ಕೇ ಕೊಡಬೇಕು. ಅಲ್ಲಿಯವರೆಗೆ ಅವಳು ಆ ಬಾಗಿಲು ತುಳಿದಿರಲಿಲ್ಲ.

ತಪಾಸಣೆಗೆ ಬ್ಯಾಂಕಿನವರು ಆಷಾಢವನ್ನೇ ಆರಿಸಿಕೊಂಡರು. ಊರಿನ ಎಲ್ಲ ದೋಣಿಗಳಂತೆ ಅವಳ ದೋಣಿಯೂ ದಡದಲ್ಲಿ ತೆಂಗಿನ ಮಡಲಿನ ಚಪ್ಪರದಡಿ ಮಲಗಿತ್ತು. ಅಧಿಕಾರಿ ಕೊಡೆ ಹಿಡಿದು ಸುತ್ತು ಹಾಕಿ, "ದೋಣಿ ನೆಲದ ಮೇಲಿದೆ. ಉದ್ಯೋಗ ಕಂಡುಬಂದಿಲ್ಲ" ಎಂದು ಬರೆದರು.

"ಈ ಮಳೆಲಿ ಕಡಲಿಗೆ ಹೋದ್ರೆ ದೋಣಿನೂ ಇಲ್ಲ, ನನ್ನ ಗಂಡನೂ ಇಲ್ಲ, ಸಾಯೇಬ್ರೆ."

"ಹಾಗಾದರೆ ಗಂಡನ ಜೀವಕ್ಕೂ ಭರವಸೆಯಿಲ್ಲ" ಎಂದು ಅದನ್ನೂ ಬರೆದರು.

ಕೊನೆಗೆ ಮ್ಯಾನೇಜರರು ಕರೆಸಿದರು.

"ಈ ಮೊದಲು ಎಲ್ಲಿ ಸಾಲ ಮಾಡಿದ್ದೀರಿ?"

"ಎಲ್ಲೂ ಇಲ್ಲ."

"ಒಮ್ಮೆಯೂ?"

"ದೇವರಾಣೆಗೂ ಇಲ್ಲ."

ಮ್ಯಾನೇಜರರ ಮುಖ ಬಾಡಿತು. "ಸಾಲವನ್ನೇ ಮಾಡದವರು ಸಾಲ ತೀರಿಸುತ್ತಾರೆಂದು ಹೇಗೆ ನಂಬೋಣ, ಅಮ್ಮ? ಮೊದಲು ಎಲ್ಲಾದರೂ ಸಾಲ ಮಾಡಿ ಬನ್ನಿ."

ಮಾಸ್ತಮ್ಮ ಲಿಂಗಪ್ಪನಿಂದ ಸಾಲಕ್ಕೆ ನೂಲು ತಂದಳು. ಮರುದಿನವೇ ಬ್ಯಾಂಕಿಗೆ ಬಂದು, "ಸಾಲ ಆತು" ಅಂದಳು. ಮ್ಯಾನೇಜರರು ಎದ್ದು ನಿಂತು ಅಭಿನಂದಿಸಿದರು.

"ಇನ್ನು ನಿಮ್ಮ ಮೀನು ಯಾರಿಗೆ?"

"ಲಿಂಗಪ್ಪ ಸಾವ್ಕಾರ್ರಿಗೆ. ಅವರು ಹೇಳಿದ ದರಕ್ಕೆ."

"ಅಂದರೆ ನಿಮಗೆ ಸ್ವಂತ ಆದಾಯವಿಲ್ಲ. ಕಾರ್ಡು ಕೊಡುವಂತಿಲ್ಲ."

"ನೀವೇ ಅಲ್ವಾ ಸಾಲ ಮಾಡು ಅಂದದ್ದು!"

"ಅದೊಂದು ನಿಯಮ ಪೂರೈಸಿದ್ದೀರಿ. ಬ್ಯಾಂಕು ಅದನ್ನು ಮೆಚ್ಚಿಕೊಂಡಿದೆ."

ಕಾರ್ಡು ಲಿಂಗಪ್ಪನಿಗೆ ಮಂಜೂರಾಯಿತು. ಕುಮಟಾ, ಹೊನ್ನಾವರ, ಭಟ್ಕಳ, ಮೂರೂ ಕಡೆಯ ಬ್ಯಾಂಕುಗಳ ಸಾಲ ಅವನ ತಲೆಯ ಮೇಲಿತ್ತು, ಒಂದನ್ನೂ ತೀರಿಸಿರಲಿಲ್ಲ. ಮೂರು ಬ್ಯಾಂಕುಗಳು ನಂಬಿದವರನ್ನು ನಾಲ್ಕನೆಯದು ಅನುಮಾನಿಸುವುದು ಸಭ್ಯತೆಯಲ್ಲವೆಂದು ಬ್ಯಾಂಕಿನ ಸಾಲ ಸಮಿತಿ ಅಭಿಪ್ರಾಯಪಟ್ಟಿತು. ಅವನು ಕಾರ್ಡು ತೋರಿಸಿ ರಾಶಿ ನೂಲು ತಂದು, ಇನ್ನೂ ಹತ್ತು ಮನೆಗಳಿಗೆ ಅದೇ ಕರಾರಿನ ಮೇಲೆ ಹಂಚಿದ. "ಒಂದೇ ಕಾರ್ಡಿನಿಂದ ಇಡೀ ಊರಿಗೆ ಅನುಕೂಲ" ಎಂದು ಬ್ಯಾಂಕು ಪ್ರಕಟಣೆ ಹೊರಡಿಸಿತು.

ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿಗಳು ಇಳಿದವು. ಅವು ಮರಳುವುದನ್ನು ಕಾಯುತ್ತ ದಡದಲ್ಲಿ ನೆರೆಮನೆಯ ನಾಗಿ ಚುಚ್ಚಿದಳು: "ಎಂತ ಅಕ್ಕಾ, ಕಾರ್ಡು ನಿನಗೆ ಸಿಗ್ಲಿಲ್ವಂತೆ?"

"ನಮ್ಮ ಸಾವ್ಕಾರ್ರಿಗೆ ಸಿಕ್ತಲ್ಲೇ. ನನಗೆ ಬ್ಯಾಂಕಿಗೆ ಹೋಗಿ ಬರೂ ಬಸ್ಸಿನ ದುಡ್ಡಾದ್ರೂ ಉಳೀತು."

ಅಷ್ಟರಲ್ಲಿ ದಾಸನ ದೋಣಿ ಬಂತು. ಲಿಂಗಪ್ಪ ಬಂಗಡೆ ಮೀನಿಗೆ ಕಳೆದ ವರ್ಷದ ಅರ್ಧ ದರ ಹೇಳಿದ.

"ಆತು" ಅಂದಳು ಮಾಸ್ತಮ್ಮ, ಬುಟ್ಟಿಯನ್ನು ಅವನ ರಾಶಿಗೆ ಮಗುಚಿದಳು.