ಹವಳದ ಮೇಲೆ ನೀರು ಎಷ್ಟು ಜೋರಾಗಿ ಹರಿಯಬೇಕು

ಬಾಗಲಕೋಟೆಯ ಬಿಸಿಲಿನಲ್ಲಿ, ಮೂರು ಅಡಿಯ ಗಾಜಿನ ತೊಟ್ಟಿಯೊಳಗೆ ಸಮುದ್ರ ಇಟ್ಟುಕೊಂಡವನ ಮನೆಯಲ್ಲಿ ಒಂದಿಲ್ಲೊಂದು ಫಜೀತಿ ಆಗದ ವಾರವೇ ಇಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅಳತೆ ತಪ್ಪಿದರೆ ಸಹಿಸುವುದಿಲ್ಲ. ಆದರೂ ರಸೀದಿ ಸಮೇತ ತಂದ ನಾಲ್ಕು ಮೆತ್ತನೆಯ ಜೀವಂತ ಹವಳಗಳಲ್ಲಿ ಮೂರು ಸತ್ತವು. ತೊಟ್ಟಿಯೊಳಗೆ ನೀರು ಆಡಿಸುವ ಪಂಪಿನ ಸೆಳೆತ ಜೋರಾಗಿ ಬಡಿದರೆ ಹವಳ ಮುದುಡುತ್ತದೆ. ಹರಿವು ಕಡಿಮೆಯಾದರೆ ಮೇಲೆ ಕಸ ಕೂತು ಕೊಳೆಯುತ್ತದೆ. ನಡುವಿನ ಹದ ಹುಡುಕುತ್ತ ಒಂದು ನೋಟ್‌ಬುಕ್ ತುಂಬಿಸಿದೆ. ಉಳಿದ ಒಂದೇ ಹವಳ, ಅಣಬೆಯಂಥದ್ದು, ತಿಂಗಳಿಂದ ಮುಷ್ಟಿ ಬಿಗಿದುಕೊಂಡು ಕೂತಿತ್ತು. ಅದೂ ಹೋದರೆ ತೊಟ್ಟಿ ಮುಚ್ಚುವುದೇ ಎಂದು ತೀರ್ಮಾನಿಸಿದ್ದೆ.

೧. ಕಾಲುವೆಯವರ ಪರೀಕ್ಷೆ

ಪಕ್ಕದ ಮನೆಯವರು ಮರೋಳದ ಕಡೆ ಕಾಲುವೆಗಳ ಮೇಲೆ ನೀರು ಅಳೆದು ನಿವೃತ್ತರಾದವರು. ಚಹಾಕ್ಕೆ ಬಂದವರು ನನ್ನ ಸಂಕಟ ಕೇಳಿ ನಕ್ಕರು.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂಡೀರಿ ಸರ? ನಾವು ಕಾಲುವ್ಯಾಗ ಏನರ ತೇಲಿಬಿಟ್ಟು ಗಡಿಯಾರ ನೋಡ್ತಿದ್ವಿ. ಮುಗೀತು."

ವಿಧಾನ ಶಾಸ್ತ್ರೀಯವಾಗಿಯೇ ಇತ್ತು. ಒಪ್ಪಿ, ಗಡಿಯಾರ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ತಮ್ಮ ತಟ್ಟೆಯ ಒಗ್ಗರಣಿ ಚುರಮುರಿಯನ್ನೇ ಒಂದು ಹಿಡಿ ತೊಟ್ಟಿಗೆ ಬಿಟ್ಟಿದ್ದರು. ಶೇಂಗಾ ಮುಳುಗಿದವು, ಎಣ್ಣೆ ಹರಡಿತು, ಒಂದು ಕರಿಬೇವಿನ ಎಲೆ ಹವಳದ ನೆತ್ತಿಯ ಮೇಲೆ ಕೂತಿತು.

"ಏನ್ ಮಾಡಿದ್ರೀ!" ಎಂದು ಕೂಗಿದೆ.

ಅವರು ಗಂಭೀರವಾಗಿ ಬಗ್ಗಿ, ತೇಲುತ್ತಿದ್ದ ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡರು.

"ಹರಿವು ಬರಾಬರಿ ಐತಿ ಸರ. ಉಪ್ಪು ಒಂಚೂರು ಹೆಚ್ಚಾಗೇತಿ."

೨. ಅವ್ವನ ಕಡಗೋಲು

ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಮನೆಯಲ್ಲಿದ್ದವರು ಏನು ಮಾಡಬೇಕೆಂದು ಚೀಟಿ ಬರೆದು ಅಂಟಿಸಿದ್ದೆ: ಕೂಡಲೇ ಕೈಯಿಂದ ನೀರು ಆಡಿಸಬೇಕು, ನಿಮಿಷಕ್ಕೆ ಮೂವತ್ತು ಸಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅವ್ವ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಮಜ್ಜಿಗೆ ಕಡೆಯುವ ಹಾಗೆ ಸಮುದ್ರ ಕಡೆಯುತ್ತಿದ್ದಳು. ಪಕ್ಕದಲ್ಲಿ ಪಂಪೂ ಭರದಿಂದ ನಡೆದಿತ್ತು. ಹವಳ ಇನ್ನಷ್ಟು ಸಣ್ಣದಾಗಿತ್ತು.

"ಕಡಗೋಲು ಹೊಸಾದು, ಬೈಬ್ಯಾಡ," ಎಂದಳು.

"ಕರೆಂಟ್ ಯಾವಾಗ ಬಂತವ್ವಾ?"

"ಎರಡು ತಾಸಾತು."

"ಮತ್ತ ಯಾಕ ಕಡೀಲಿಕತ್ತೀ?"

"ನೀ ಬರದ ಚೀಟಿಯೊಳಗ ಯಾವಾಗ ನಿಲ್ಲಸಬೇಕಂತ ಇಲ್ಲಲ್ಲೋ!"

೩. ಹುನಗುಂದದ ಮೂರು ದಿನ

ಪ್ರಾಯೋಗಿಕ ಪರೀಕ್ಷೆ ನಡೆಸಲು ಮೂರು ದಿನ ಹುನಗುಂದಕ್ಕೆ ಹೋಗಬೇಕಾಯಿತು. ಪಂಪನ್ನು ಕೋನಮಾಪಕ ಹಿಡಿದು ಹವಳದ ಕಡೆ ಮುಖ ಮಾಡಿ ಕೂರಿಸಿ, ಗಾಜಿನ ಮೇಲೆ ಗುರುತು ಹಾಕಿ, "ಯಾರೂ ಮುಟ್ಟಕೂಡದು" ಎಂದು ಎರಡು ಸಲ ಹೇಳಿ ಹೊರಟೆ.

ತಿರುಗಿ ಬಂದು ನೋಡಿದರೆ ಹವಳ ಅರಳಿತ್ತು. ಒಂದೊಂದು ಎಳೆಯೂ ಒಮ್ಮೆ ಆಚೆ, ಒಮ್ಮೆ ಈಚೆ ಮೆಲ್ಲಗೆ ತೂಗುತ್ತಿತ್ತು. ನನ್ನ ಕಣ್ಣು ಒದ್ದೆಯಾದವು. ಆಮೇಲೆ ಪಂಪಿನ ಕಡೆ ನೋಡಿದೆ. ಅದು ನನ್ನ ಗುರುತು ಬಿಟ್ಟು ಗಾಜಿನ ಗೋಡೆಯ ಕಡೆ ಮುಖ ಮಾಡಿತ್ತು.

"ಯಾರು ಮುಟ್ಟಿದವರು?" ಎಂದು ಗುಡುಗಿದೆ.

"ನಾ ಅಲ್ಲಪ್ಪಾ," ಎಂದಳು ಅವ್ವ. "ನಾನೂ ಅಲ್ಲ," ಎಂದಳು ಹೆಂಡತಿ. "ನಾ ಆ ಕಡಿ ಹಣಿಕಿನೂ ಹಾಕಿಲ್ರೀ," ಎಂದಳು ಕಸಬರಿಗೆ ಹಿಡಿದು ನಿಂತ ಕೆಲಸದಾಕೆ.

ನಿಯಮ ಅಂದರೆ ನಿಯಮ. ಪಂಪನ್ನು ನನ್ನ ಗುರುತಿಗೇ ತಿರುಗಿಸಿದೆ. ಚಹಾ ಮುಗಿಯುವಷ್ಟರಲ್ಲಿ ಹವಳ ಮತ್ತೆ ಮುಷ್ಟಿಯಾಯಿತು.

ಆಗ ಹೊಳೆಯಿತು: ನೀರು ಗಾಜಿಗೆ ಬಡಿದು, ಒಡೆದು, ಮೆತ್ತಗಾಗಿ ಹವಳಕ್ಕೆ ಬರುತ್ತಿತ್ತು. ಆದರೆ ಎಷ್ಟು ತಿರುಗಿಸಿದ್ದರು? ಒಂದು ವಾರ ಒಂದೊಂದು ಡಿಗ್ರಿ ಸರಿಸಿದೆ. ಹವಳ ಕಣ್ಣು ಬಿಡಲಿಲ್ಲ. ಕೊನೆಗೆ ಮೂವರ ಮುಂದೆಯೂ ಕೈಮುಗಿದೆ: "ಬೈಯೂದಿಲ್ಲ. ಎಷ್ಟು ತಿರುಗಿಸಿದ್ರಿ, ಅಷ್ಟರ ಹೇಳ್ರಿ." ಮೂವರೂ ದೇವರಾಣೆ ಇಟ್ಟರು. ನನ್ನ ಇಷ್ಟು ವರ್ಷದ ಶಿಸ್ತಿಗೆ ಮನೆಯಲ್ಲಿ ತಪ್ಪೊಪ್ಪಿಕೊಳ್ಳುವ ಧೈರ್ಯ ಒಬ್ಬರಿಗೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ನನ್ನ ಚೀಲ ತಂದು ಬಾಗಿಲಲ್ಲಿಟ್ಟಳು.

"ಇದೇನು?"

"ಎರಡು ಅಂಗಿ, ಒಂದು ಟಾವೆಲ್. ಹೆಂಗೂ ಸೂಟಿ ಅದ, ಬದಾಮಿಗೆ ನಿಮ್ಮಕ್ಕನ ಮನಿಗೆ ಹೋಗಿ ಬರ್ರಿ. ಅರಳತದ."

ಬೇರೆ ಉಪಾಯ ಕಾಣದೆ ಹೋದೆ. ಬಸ್ಸು ಬದಾಮಿ ಮುಟ್ಟುವ ಮೊದಲೇ ಮೊಬೈಲಿಗೆ ಫೋಟೊ ಬಂತು. ಹವಳ ಪೂರ್ತಿ ಅರಳಿತ್ತು. ಫೋಟೊದ ಕೆಳಗೆ ಅವ್ವ ಮಾತಾಡಿ ಕಳಿಸಿದ ಧ್ವನಿಸಂದೇಶ:

"ಅವಸರ ಮಾಡಬ್ಯಾಡಪ್ಪಾ. ಸಾವಕಾಶ ಬಾ."