ಕಾಯಿ ಇಟ್ಟ ಪಾಳಿ

ಮಾನ ಹೋಗೋ ಪ್ರಸಂಗಗಳು ನನ್ನ ಪಾಲಿಗೆ ಕರೆಯದೇ ಬರೋ ನೆಂಟರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯವರು ಸೇರಿ, ಬಸ್ಸು ತಂಗುದಾಣ ಎಲ್ಲರಿಗೂ ಸಮನಾಗಿ ಸಿಗಲಿ ಅಂತ ಒಂದು ಜಂಟಿ ಸಮಿತಿ ಮಾಡಿದ್ದರು. ಅದಕ್ಕೆ ನಾನು ಸಂಚಾಲಕ. ಓಡಾಡೋಕೆ ಜೀಪು ಕೊಟ್ಟಿದ್ದರು. ಎಲ್ಲ ಕೆಟ್ಟಿದ್ದು ಅಲ್ಲೇ.

೧. ಮೊದಲ ಸಭೆ

ಬಸ್ಸಿನವರ ಕಷ್ಟ ಕೇಳೋಣ ಅಂತ ತಿಪಟೂರಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಭೆ ಕರೆದೆ. ಕಾರು, ಜೀಪು, ಬೈಕಿನಲ್ಲಿ ಬಂದವರೆಲ್ಲ ಬಸ್ಸಿನ ಕಷ್ಟವನ್ನು ಮನಮುಟ್ಟುವಂತೆ ಹೇಳಿದರು. ವಂದನಾರ್ಪಣೆ ಮುಗಿದು ಉಪ್ಪಿಟ್ಟಿನ ಪಾತ್ರೆ ತೊಳೀತಿದ್ದಾಗ ಹಾಲ್ಕುರಿಕೆ ಕಡೆಯ ಒಳಹಳ್ಳಿಯ ಅಜ್ಜಿಯೊಬ್ಬರು ಬಂದರು. ಯಾಕಜ್ಜಿ ಇಷ್ಟು ತಡ ಅಂದೆ.

"ಬಸ್ಸಲ್ಲಿ ಬಂದೆ ಕಣಪ್ಪ," ಅಂದರು.

ಇಡೀ ಸಭೆಗೆ ಬಂದ ನಿಜವಾದ ಅಹವಾಲು ಅದೊಂದೇ. ಅದನ್ನೂ ಬರೆದುಕೊಳ್ಳಲಿಲ್ಲ, ಪುಸ್ತಕ ಆಗಲೇ ಜೀಪು ಹತ್ತಿತ್ತು.

೨. ಸಮಪಾಲು

ನಾಚಿಕೆಯಾಗಿ, ಮೊದಲ ತಂಗುದಾಣ ಆ ಅಜ್ಜಿಯ ಊರಿಗೇ ಆಗಲಿ ಅಂತ ಹಟ ಹಿಡಿದೆ. ಮೂರು ಕಡೆಯವರೂ ಸಮಪಾಲು ಹಾಕಬೇಕಲ್ಲ? ಒಬ್ಬರದು ಚಾವಣಿ, ಒಬ್ಬರದು ಬೆಂಚು, ಒಬ್ಬರದು ಬೋರ್ಡು. ಮೊದಲು ಬೋರ್ಡು ಬಂತು. ಚಾವಣಿ ಬರೋಕೆ ಆರು ತಿಂಗಳಾಯ್ತು. ಅಲ್ಲಿವರೆಗೂ ಅಜ್ಜಿ ಬೋರ್ಡಿನ ನೆರಳಲ್ಲೇ ಕೂತಿರೋರು. ಹೆಂಗಿದೆ ಅಜ್ಜಿ ಅಂತ ಜೀಪಿನಿಂದಲೇ ಕೇಳಿದೆ.

"ನೆರಳು ಚೆನ್ನಾಗೈತೆ. ಹೊತ್ತು ತಿರುಗ್ದಂಗೆ ನಾವೂ ತಿರುಗ್ಬೇಕು, ಅಷ್ಟೇಯ."

೩. ಉದ್ಘಾಟನೆ

ಆ ಊರಿಂದ ತಿಪಟೂರಿಗೆ ಬೆಳಗ್ಗೆ ಒಂದೇ ಬಸ್ಸು, ಅದೂ ತುಂಬಿಕೊಂಡೇ ಬರುತ್ತೆ. ಹಾಗಾಗಿ ಜನ ಮುಂಚೆಯೇ ಬಂದು ಸಾಲಾಗಿ ಒಂದೊಂದು ತೆಂಗಿನಕಾಯಿ ಇಟ್ಟು ಮನೆ ಕೆಲಸಕ್ಕೆ ಹೋಗ್ತಾರೆ. ಕಾಯಿ ಎಲ್ಲಿದೆಯೋ ಪಾಳಿ ಅಲ್ಲಿ. ಜೀಪಲ್ಲಿ ತಿರುಗೋ ನನಗೆ ಇದೆಲ್ಲಿ ಗೊತ್ತು?

ಉದ್ಘಾಟನೆಯ ದಿನ ಜೀಪು ಗ್ಯಾರೇಜಿನಲ್ಲಿತ್ತು, ಯಾರದೋ ಬೈಕಿನಲ್ಲಿ ಬಂದಿದ್ದೆ. ಪೂಜೆಗೆ ಕಾಯಿ ಮರೆತಿದ್ದೆ. ತೆಂಗಿನ ಸೀಮೆಯಲ್ಲಿ ಕಾಯಿ ಮರೆತವನು ನಾನೊಬ್ಬನೇ ಇರಬೇಕು. ನೆಲದ ಮೇಲಿನ ಸಾಲಲ್ಲಿ ಮೊದಲನೇದು ಎತ್ತಿ ಒಡೆದುಬಿಟ್ಟೆ.

ಅದು ಅಜ್ಜಿಯದು ಅಂತ ಸುತ್ತ ನಿಂತವರು ಕೂಗಿದರು; ಅಜ್ಜಿ ಇನ್ನೂ ಮನೆಯಲ್ಲೇ ಇದ್ದರು. ಅವತ್ತು ತಿಪಟೂರಲ್ಲಿ ಅವರ ಕಣ್ಣಿನ ಆಪರೇಷನ್ನು. ಬಸ್ಸಲ್ಲಿ ಜಾಗ ಸಿಗದಿದ್ದರೆ ಮತ್ತೆ ಯಾವಾಗಲೋ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬೇರೆ ಕಾಯಿ ಇಡ್ತೀನಿ ಅಂದೆ. ಹೊಸ ಕಾಯಿ ಕೊನೆಗೇ ಇಡಬೇಕು ಅಂತ ಹಿಂದಿನ ಕಾಯಿಗಳವರು ಪಟ್ಟು ಹಿಡಿದರು. ಕೊನೆಗೆ ಊರ ಹಿರಿಯರೊಬ್ಬರು ತೀರ್ಮಾನ ಹೇಳಿದರು: "ಒಡೆದೋರೇ ಕಾಯಿ ಜಾಗದಾಗೆ ನಿಂತ್ಕಳಿ ಸ್ವಾಮಿ."

ನಿಂತೆ. ಕೊರಳಲ್ಲಿ ಹಾರ, ಹಿಂದೆ ಹದಿನೈದು ಕಾಯಿ. ಅತಿಥಿಗಳು ಸಮಾನತೆಯ ಬಗ್ಗೆ ಭಾಷಣ ಮಾಡುತ್ತಾ ವೇದಿಕೆಗೆ ಕರೆದರು. ಪಾಳಿ ಬಿಟ್ಟು ಬರೋಹಾಗಿಲ್ಲ ಅಂತ ಕೈಯಾಡಿಸಿದೆ. ತಲೆ ಎತ್ತಲಿಲ್ಲ.

ಬಸ್ಸಿನ ಹೊತ್ತಿಗೆ ಅಜ್ಜಿ ಬಂದರು. ಜನ ನಡೆದದ್ದೆಲ್ಲ ಹೇಳಿದರು. ಅಜ್ಜಿ ಮೊದಲು ಹತ್ತಿ, ಕಿಟಕಿ ಪಕ್ಕ ಕೂತು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಕಾಯಾಗಿದ್ರೆ ಬ್ಯಾಗಿಗೆ ಹಾಕ್ಕಂಡೋಗಿ ಮಗಳ ಮನೇಲಿ ಚಟ್ನಿಗಾದ್ರೂ ಕೊಡ್ತಿದ್ದೆ. ನಿನ್ನ ತಗಂಡೋಗಿ ಏನ್ ಮಾಡ್ಲಪ್ಪ?"