ಕುಂಕುಮ ಹಚ್ಚಿ ಕರೆದ ಮೀಟಿಂಗು

ಉತ್ಸಾಹ ನನಗೆ ನೆಗಡಿಯ ಹಾಗೆ ಬರುತ್ತದೆ. ಬಂತೆಂದರೆ ಮನೆಮಂದಿಗೆಲ್ಲ ಹಂಚದೆ ಹೋಗುವುದಿಲ್ಲ. ಒಮ್ಮೆ ಮಾಳಿಗೆಯ ಮೇಲೆ ಅಣಬೆ ಬೆಳೆಯುವ ಉತ್ಸಾಹ ಬಂದು, ತಂದಿಟ್ಟ ಹುಲ್ಲಿನ ವಾಸನೆಗೆ ನೆರೆಮನೆಯ ಎಮ್ಮೆ ದಿನವೂ ನಮ್ಮ ಗೇಟಿನ ಮುಂದೆ ಬಂದು ನಿಲ್ಲತೊಡಗಿತು. ಇನ್ನೊಮ್ಮೆ ಜಪಾನಿ ಭಾಷೆ ಕಲಿಯುವ ಉತ್ಸಾಹ ಬಂದು, ಅವರ ಪದ್ಧತಿಯಂತೆ ಸೊಂಟ ಬಾಗಿಸಿ ನಮಸ್ಕರಿಸಿ ಗಂಡನಿಗೆ ಚಹಾ ಕೊಟ್ಟೆ. ನಾನು ಯಾವುದೋ ದೊಡ್ಡ ಖರೀದಿಗೆ ಪೀಠಿಕೆ ಹಾಕುತ್ತಿದ್ದೇನೆಂದು ಆತ ಹೆದರಿ, ಚಹಾ ಅರ್ಧಕ್ಕೇ ಬಿಟ್ಟು ಕಾಲೇಜಿಗೆ ಪಾಠ ಹೇಳಲು ಹೋಗಿಬಿಟ್ಟ. ಆದರೆ ಈ ಸಲದ್ದು ಔಷಧಿಗೆ ಬಗ್ಗುವ ನೆಗಡಿಯಾಗಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯ ಕೆಲಸ ಬಿಟ್ಟು, ಶಿಗ್ಗಾಂವದಲ್ಲಿ ಬಿಸಿನೆಸ್ ನೆಟ್‌ವರ್ಕಿಂಗ್ ಸಂಸ್ಥೆ ತೆರೆಯುತ್ತೇನೆಂದು ಒಂದು ಸಂಜೆ ಅವಲಕ್ಕಿ ತಿನ್ನುತ್ತ ಘೋಷಿಸಿಬಿಟ್ಟೆ.

ನನ್ನ ಕೆಲಸವೆಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ವರ್ಷಗಟ್ಟಲೆ ಅದನ್ನೇ ಮಾಡಿದ್ದೆ. ಇದಕ್ಕೆ ಸಂಬಳ ಬೇರೆ ಕೊಡುತ್ತಾರೆಯೇ ಎಂದು ನನ್ನ ಗಂಡ ಈಗಲೂ ಆಶ್ಚರ್ಯಪಡುತ್ತಾನೆ, ಮನೆಯಲ್ಲಿ ಅದನ್ನು ಪುಕ್ಕಟೆ ಮಾಡುತ್ತೇನಲ್ಲ ಎಂದು. ಒಂದು ದಿನ ಹಾನಗಲ್ಲಿನಲ್ಲಿ ಮಾವಿನ ಹಣ್ಣಿನ ರಸ ತೆಗೆದು ಮಾರುವ ಶಾಂತವ್ವ, ರಟ್ಟಿನ ಪೆಟ್ಟಿಗೆಗಾಗಿ ಹುಬ್ಬಳ್ಳಿಗೆ ಅಲೆದು ಅಲೆದು ಚಪ್ಪಲಿ ಸವೆಯಿತೆಂದು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತು ಹೇಳಿದಳು. ಸವಣೂರಿನಲ್ಲೇ ಒಬ್ಬರು ಅಂಥ ಪೆಟ್ಟಿಗೆ ಮಾಡಿಟ್ಟುಕೊಂಡು, ಕೊಳ್ಳುವವರಿಲ್ಲವೆಂದು ಕೂತಿದ್ದು ನನಗೆ ಗೊತ್ತಿತ್ತು. ಇಬ್ಬರಿಗೂ ಫೋನು ಹಚ್ಚಿಕೊಟ್ಟೆ. ಅವರು ಮಾತಾಡಿ ಮುಗಿಸುವಷ್ಟರಲ್ಲಿ ನನ್ನ ಮೈ ಜುಮ್ಮೆಂದಿತ್ತು. ಅಷ್ಟು ವರ್ಷ ತಪ್ಪು ಹುಡುಕಿದರೂ ಒಮ್ಮೆಯೂ ಹಾಗೆ ಆಗಿರಲಿಲ್ಲ.

ಯೋಜನೆ ಸರಳವಾಗಿತ್ತು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರಿನ ವ್ಯಾಪಾರಸ್ಥರು ವಾರಕ್ಕೊಮ್ಮೆ ಬೆಳಗಿನ ನಾಷ್ಟಾಕ್ಕೆ ಸೇರಬೇಕು. ಒಬ್ಬೊಬ್ಬರೂ ಒಂದು ನಿಮಿಷ ತಮ್ಮ ಪರಿಚಯ ಹೇಳಬೇಕು. ಒಬ್ಬರಿಗೆ ಇನ್ನೊಬ್ಬರು ಗಿರಾಕಿ ಕಳಿಸಬೇಕು. ಒಂದು ಧಂದೆಗೆ ಒಬ್ಬರೇ ಸದಸ್ಯರು, ಪೈಪೋಟಿಯವರಿಗೆ ಪ್ರವೇಶವಿಲ್ಲ. ಇದೆಲ್ಲ ದೊಡ್ಡ ಊರುಗಳಲ್ಲಿ ಗಡಿಯಾರದಂತೆ ನಡೆಯುತ್ತದೆಂದು ನಾನು ವಿಡಿಯೋ ನೋಡಿ ಕಲಿತಿದ್ದೆ. ನನ್ನ ಮ್ಯಾನೇಜರ್ ಒಳ್ಳೆಯವರು. ತಿಂಗಳ ಕೊನೆಯವರೆಗೆ ನಿಮ್ಮ ಕುರ್ಚಿ ಹಾಗೇ ಇರುತ್ತದೆ, ಮನಸ್ಸು ಬದಲಾದರೆ ಬನ್ನಿ ಅಂದರು. ನನ್ನ ಕುರ್ಚಿ ನಮ್ಮ ಮನೆಯಲ್ಲೇ ಇತ್ತು. ಆದರೂ ಮಾತು ಅರ್ಥವಾಯಿತು.

ಮೊದಲ ಸಭೆಗೆ ಬಣ್ಣಬಣ್ಣದ ಆಮಂತ್ರಣ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಉತ್ತರವಾಗಿ ಎಷ್ಟೊಂದು ಹೆಬ್ಬೆರಳು ಬಂದವೆಂದರೆ, ಹೆದ್ದಾರಿ ಪಕ್ಕದ ಖಾನಾವಳಿಯ ಮಹಡಿ ಸಾಲದೆಂದು ಹೆದರಿ ಇನ್ನಷ್ಟು ಕುರ್ಚಿ ತರಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಇಡ್ಲಿ ಇದ್ದವು, ಕುರ್ಚಿ ಇದ್ದವು, ನಾನಿದ್ದೆ. ಬಹಳ ಹೊತ್ತಿನ ಮೇಲೆ ಒಬ್ಬ ಸೈಕಲ್ ಅಂಗಡಿಯವರು ಬಂದು, ತಟ್ಟೆ ತುಂಬ ಹಾಕಿಸಿಕೊಂಡು ತಿಂದು, ಕೈ ತೊಳೆಯುತ್ತ, ಇದು ಯಾವ ಕಂಪನಿಯ ಸಾಬೂನು ಮಾರುವ ಸ್ಕೀಮು, ಎಷ್ಟು ಮಂದಿಯನ್ನು ಸೇರಿಸಿದರೆ ಬಹುಮಾನ ಎಂದು ಕೇಳಿದರು. ಚೈನ್ ವ್ಯವಹಾರವಲ್ಲವೆಂದು ಎಷ್ಟು ಹೇಳಿದರೂ ನಂಬದೆ, ಮನೆಯಲ್ಲಿ ಕೇಳಿ ಹೇಳುವೆನೆಂದು ಹೋದರು. ಮಿಕ್ಕ ಇಡ್ಲಿ ಮನೆಗೆ ಬಂದವು. ಮಧ್ಯಾಹ್ನ ಇಡ್ಲಿ, ಸಂಜೆ ಇಡ್ಲಿಯನ್ನು ಪುಡಿ ಮಾಡಿ ಉಪ್ಪಿಟ್ಟು. ಗಂಡ ಚಕಾರವೆತ್ತದೆ ತಿಂದ. ಅದನ್ನು ನೋಡಿ ನನಗೆ ನಿಜವಾಗಿಯೂ ಅಳು ಬಂತು.

ಆಗ ಬಾಯಿ ತೆರೆದವರು ನಮ್ಮ ಅತ್ತೆ. ಸವಣೂರಿನ ಆಚಾರ್ಯರ ಮನೆತನದ ಮಗಳು. ನಾಲ್ಕೂ ತಾಲೂಕಿನಲ್ಲಿ ಯಾರ ಮನೆಯ ಬಾಣಂತಿಗೆ ಯಾರು ಎಣ್ಣೆ ಹಚ್ಚಿದರೆಂಬುದು ಅವರಿಗೆ ಗೊತ್ತು.

"ಫೋನಿನ್ಯಾಗ ಹಾಕಿದ್ರ ಅದು ಕರದ್ಹಂಗಲ್ಲ, ತಿಳಿಸಿದ್ಹಂಗ," ಅಂದರು. "ತಿಳಿಸಿದ್ದಕ್ಕ ಯಾರರ ಬರ್ತಾರೇನು? ಗಾಡಿ ತಗಿ."

ಇದು ವ್ಯವಹಾರ, ಅರಿಶಿನ ಕುಂಕುಮವಲ್ಲ ಎಂದು ನಾನು ವಾದಿಸಿದೆ. ಅವರು ಅಷ್ಟರಲ್ಲಿ ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ಸ್ಕೂಟಿಯ ಹಿಂದೆ ಕೂತಾಗಿತ್ತು. ತಿಂಗಳು ಮುಗಿಯುವುದರೊಳಗೆ ಇನ್ನೊಂದೇ ಸಭೆಗೆ ಅವಕಾಶವಿತ್ತು. ಅದೂ ಖಾಲಿ ಹೋದರೆ ನಾನು ಮತ್ತೆ ಮಹಡಿ ಹತ್ತಬೇಕಿತ್ತು. ಗಾಡಿ ತೆಗೆದೆ. ತಡಸದಿಂದ ಹಿರೇಕೆರೂರಿನವರೆಗೆ ತಿರುಗಿದೆವು. ಗೊಬ್ಬರದ ಅಂಗಡಿ, ಎಣ್ಣೆ ಗಾಣ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಶೆಡ್ಡು, ಎಲ್ಲ ಕಡೆಯೂ ಅತ್ತೆ ನೇರ ಹಿತ್ತಿಲ ಮನೆಗೆ ಹೋಗಿ ಹೆಂಗಸರಿಗೆ ಕುಂಕುಮ ಹಚ್ಚಿ, ಸೊಸೆ ಒಂದು ಕಾರ್ಯ ಇಟ್ಟುಕೊಂಡಿದ್ದಾಳೆ, ಯಜಮಾನರನ್ನು ಕರೆದುಕೊಂಡು ತಪ್ಪದೆ ಬರಬೇಕು ಎನ್ನುತ್ತಿದ್ದರು. ಎಂಥ ಕಾರ್ಯವೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾನು ಹೊರಗೆ ನಿಂತು ಗಾಡಿ ಕಾಯ್ದೆ.

ಮುಂದಿನ ಸಭೆಗೆ ಮೆಟ್ಟಿಲ ಮೇಲೂ ಜನ. ರೇಷ್ಮೆ ಸೀರೆ, ಇಸ್ತ್ರಿ ಹಾಕಿದ ಧೋತರ. ಒಬ್ಬೊಬ್ಬರ ಕೈಯಲ್ಲೂ ಕುಬುಸದ ಖಣ, ತೆಂಗಿನಕಾಯಿ, ಸ್ಟೀಲಿನ ಡಬ್ಬಿ. ಕಾರ್ಯವೆಂದ ಮೇಲೆ ಉಡುಗೊರೆ ಇಲ್ಲದೆ ಬರುವುದುಂಟೇ? ನನಗೆ ಉಡಿ ತುಂಬುವವರ ಸಾಲೇ ನಿಂತಿತು. ಪ್ರೊಜೆಕ್ಟರ್ ಹಚ್ಚಲು ಹೋದವಳು ಮಡಿಲ ತುಂಬ ಕಾಯಿ ಹೊತ್ತು ನಿಂತೆ. ಒಂದು ಧಂದೆಗೆ ಒಬ್ಬರೇ ಎಂಬ ನಿಯಮ ಬಾಗಿಲಲ್ಲೇ ಮುರಿಯಿತು. ಶಿಗ್ಗಾಂವದ ಕಾಳಿನ ವ್ಯಾಪಾರಿ ಚನ್ನಬಸಪ್ಪನವರು ತಮ್ಮ ಪಕ್ಕಾ ಪೈಪೋಟಿಯವರಾದ ಸವಣೂರಿನ ಮೆಹಬೂಬಸಾಬರನ್ನು ತಮ್ಮದೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಊಟಕ್ಕೆ ಅವರನ್ನು ಬಿಟ್ಟು ಬಂದರೆ ಹೇಗೆ ಕಾಣುತ್ತದೆ ಎಂದು ನನ್ನನ್ನೇ ಕೇಳಿದರು.

ನಾಷ್ಟಾ ಮುಗಿಯಿತು. ನಾನು ಗಂಟೆ ಬಾರಿಸಿ, ಒಂದು ನಿಮಿಷದ ಪರಿಚಯ ಶುರುಮಾಡಿ ಅಂದೆ. ವೆಲ್ಡಿಂಗ್ ಶೆಡ್ಡಿನವರು ಎದ್ದು, ನಮ್ಮದೇನು, ಸಣ್ಣ ಕೆಲಸ ಎಂದು ಕೂತರು. ಗಾಣದವರು ಕೈ ಮುಗಿದು ಕೂತರು. ಶಾಂತವ್ವ ಎದ್ದೇಳಲೇ ಇಲ್ಲ, ಸೆರಗು ಬಾಯಿಗೆ ಹಿಡಿದು ನಕ್ಕಳು. ನಾಲ್ಕು ಮಂದಿಯ ಮುಂದೆ ತನ್ನನ್ನು ತಾನೇ ಹೊಗಳಿಕೊಳ್ಳುವುದು ನಮ್ಮ ಕಡೆ ಮಾನವಂತರ ಕೆಲಸವಲ್ಲ. ಆ ವಿಡಿಯೋದವರಿಗೆ ಇದು ಯಾರು ಹೇಳಬೇಕು? ಕೋಣೆ ತುಂಬಿತ್ತು, ಆದರೂ ಸಭೆ ಮುಳುಗುತ್ತಿತ್ತು.

"ತಮ್ಮ ಬಗ್ಗೆ ತಾವ ಹೆಂಗ ಹೇಳ್ಕೋಬೇಕ?" ಅತ್ತೆ ಹಿಂದಿನಿಂದ ಅಂದರು. "ಬಾಜೂಕ ಕೂತವರ ಬಗ್ಗೆ ಹೇಳ್ರಿ."

ಎಲ್ಲರೂ ಪಕ್ಕದವರ ಕಡೆ ತಿರುಗಿ ನೋಡಿದರು. ಆಮೇಲೆ ಮೆಹಬೂಬಸಾಬರು ಎದ್ದರು.

"ಚನ್ನಬಸಪ್ಪನವ್ರ ಜೋಡಿ ನಾ ದರದಾಗ ಜಗಳಾಡೇನಿ, ಲಾರಿ ಸಲುವಾಗಿ ಜಗಳಾಡೇನಿ," ಅಂದರು. "ತೂಕದಾಗ ಒಮ್ಮೆನೂ ಜಗಳಾ ಬಂದಿಲ್ರಿ."

ಚನ್ನಬಸಪ್ಪನವರು ತಲೆ ತಗ್ಗಿಸಿ ಶಲ್ಯದ ತುದಿಯಿಂದ ಕನ್ನಡಕ ಒರೆಸಿದರು. ಅಲ್ಲಿಂದ ಕಟ್ಟೆ ಒಡೆಯಿತು. ವೆಲ್ಡಿಂಗಿನವರ ಟ್ರೇಲರ್ ಹಳ್ಳಕ್ಕೆ ಬಿದ್ದರೂ ಮುರಿಯಲಿಲ್ಲವೆಂದು ಗಾಣದವರು, ಗಾಣದವರ ಕುಸುಬಿ ಎಣ್ಣೆ ಇಲ್ಲದೆ ತನ್ನ ಮನೆಯಲ್ಲಿ ಒಲೆ ಹತ್ತುವುದಿಲ್ಲವೆಂದು ಶಾಂತವ್ವ. ನನ್ನ ಗಂಟೆಯ ಸದ್ದು ಯಾರಿಗೂ ಕೇಳಲಿಲ್ಲ, ಕಡೆಗೆ ನನಗೂ. ಅಲ್ಲಲ್ಲೇ ವ್ಯಾಪಾರ ಕುದುರಿದವು. ಮುಂದಿನ ವಾರ ಯಾರ ಊರಲ್ಲಿ ಸೇರಬೇಕೆಂದು ಪ್ರೀತಿಯ ಜಗಳವೇ ಆಯಿತು. ಅಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಮತ್ತೆ ಇಡ್ಲಿ ಬಡಿಸತೊಡಗಿದೆ.

ಎಲ್ಲರದೂ ಮುಗಿಯಿತು, ಮೇಡಮ್ಮನವರ ಪರಿಚಯ ಯಾರು ಹೇಳುತ್ತೀರಿ ಎಂದು ಯಾರೋ ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಸಂಸ್ಥಾಪಕಿ, ನಿರ್ದೇಶಕಿ ಎಂಬ ಪದಗಳು ಕಿವಿಯಲ್ಲಿ ಮೊದಲೇ ಕೇಳಿಸುತ್ತಿದ್ದವು. ಅತ್ತೆ ಎದ್ದರು.

"ಇಕಿ ನಮ್ಮ ಸೊಸಿ ವೀಣಾ. ಮೊದಲ ಕಂಪನ್ಯಾಗ ದೊಡ್ಡ ಕೆಲಸದಾಗ ಇದ್ಲು. ಈಗ ನನ್ನ ಗಾಡಿ ಹೊಡೀತಾಳ. ಭಾಳ ಛಲೋ ಹೊಡೀತಾಳ."

ಆ ದಿನದ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಆದರೆ ಪಡೆದ ಉಡುಗೊರೆಗೆ ಮುಯ್ಯಿ ತೀರಿಸಬೇಕಲ್ಲ. ಸದಸ್ಯರ ಮನೆಯ ತೊಟ್ಟಿಲು, ಗೃಹಪ್ರವೇಶ, ಬಸುರಿಯರ ಕುಬುಸ, ಒಂದನ್ನೂ ತಪ್ಪಿಸುವಂತಿಲ್ಲ. ತಿಂಗಳ ಕೊನೆಗೆ ಮ್ಯಾನೇಜರಿಗೆ, ಕುರ್ಚಿ ಬೇರೆಯವರಿಗೆ ಕೊಡಿ, ನನಗೆ ಕೆಲಸ ಗಟ್ಟಿಯಾಯಿತು ಎಂದು ಸಂದೇಶ ಕಳಿಸಿದೆ. ಯಾವ ಹುದ್ದೆ ಎಂದು ಕೇಳಿದರು. ಒಳ್ಳೆಯವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಡ್ರೈವರ್ ಎಂದು ಬರೆದೆ. ಅವರಿಂದ ಒಂದು ಹೆಬ್ಬೆರಳು ಬಂತು. ಅದರ ಅರ್ಥ ಯೋಚಿಸಲು ಪುರುಸೊತ್ತಿರಲಿಲ್ಲ. ಕೆಳಗೆ ಅತ್ತೆ ಸ್ಕೂಟಿಯ ಹಿಂದಿನ ಸೀಟಿನಲ್ಲಿ ಆಗಲೇ ಕೂತು, ದುಂಡಸಿಯ ತೊಟ್ಟಿಲ ಕಾರ್ಯಕ್ಕೆ ತಡವಾಯಿತೆಂದು ಮುಂದಕ್ಕೆ ಬಾಗಿ ಹಾರ್ನ್ ಒತ್ತುತ್ತಿದ್ದರು.